ಎಡಗೆನ್ನೆಗೆ ಹಂದಿ, ಬಲಗೆನ್ನೆಗೆ ಕುದುರೆ

ಸಾಣೆಯಣ್ಣನ ಬಚ್ಚಲುಮನೆಗೆ ಕೈ ತೊಳೆಯಲೆಂದು ಹೋದ ನೆಂಟರು ಬೇಗ ಹೊರಗೆ ಬಂದದ್ದೇ ಇಲ್ಲ. ಕನ್ನಡಿಯ ಎಡಬಲಕ್ಕೆ ಹಲಗೆ ಹೊಡೆದು ಅವನು ಜೋಡಿಸಿಟ್ಟಿದ್ದ ಗಡ್ಡ ಹೆರೆಯುವ ಸಾಮಾನುಗಳನ್ನು ನೋಡುತ್ತ ಅಲ್ಲೇ ನಿಂತುಬಿಡುತ್ತಿದ್ದರು. ಹನ್ನೊಂದು ಬ್ರಷ್ಷು, ಏಳು ರೇಜರು, ಮಡಚುವ ಹಿಡಿಯ ಎರಡು ಕ್ಷೌರದ ಕತ್ತಿ, ತುರಿದು ಡಬ್ಬಿಗೆ ತುಂಬಿದ ನಾಲ್ಕು ಬಗೆಯ ಸೋಪು, ಪಟಿಕದ ಗಟ್ಟಿ, ಒಂದು ಜಾಡಿಯಲ್ಲಿ ಬೂದು ಬಣ್ಣದ ಜೇಡಿಮಣ್ಣು. ಒಂದು ಮುಖಕ್ಕೆ ಇಷ್ಟೆಲ್ಲ ಯಾಕೆ ಎಂದು ಯಾರಾದರೂ ಕೇಳಿದರೆ, ಮುಖ ಒಂದೇ ಆದರೂ ಅದರ ಹಿಂದಿನ ತಲೆಯಲ್ಲಿ ಹುಳಗಳು ಬಹಳ ಇವೆ ಎಂದು ಅವನ ಹೆಂಡತಿ ನಗದೇ ಉತ್ತರ ಕೊಡುತ್ತಿದ್ದಳು.

ಬಸ್ಸಿನ ಮೈ ಕಟ್ಟುವ ಕಾರ್ಖಾನೆಯಲ್ಲಿ ಮೂವತ್ತು ವರ್ಷದಿಂದ ಅವನದ್ದು ಒಂದೇ ಕೆಲಸ, ಸಾಣೆ ಹಿಡಿಯುವುದು. ಉಳಿ, ಬೈರಿಗೆ, ತಗಡು ಕತ್ತರಿ, ಸೀಟಿನ ಬಟ್ಟೆ ಸೀಳುವ ಚಾಕು, ಎಲ್ಲವೂ ಮೊಂಡಾದಾಗ ಅವನ ಕೋಣೆಗೆ ಬಂದು ಹರಿತವಾಗಿ ಹೊರಗೆ ಹೋಗುತ್ತಿದ್ದವು. ಪ್ರತಿ ಅಲಗನ್ನೂ ಎಡ ಮುಂಗೈಯ ಕೂದಲ ಮೇಲೆ ಆಡಿಸಿ ನೋಡಿಯೇ ಕೊಡುತ್ತಿದ್ದುದರಿಂದ ಆ ಕೈ ವರ್ಷವಿಡೀ ಮಗುವಿನ ಕೆನ್ನೆಯ ಹಾಗೆ ಬೋಳಾಗಿರುತ್ತಿತ್ತು. ಅವನ ಕೋಣೆಯಿಂದ ಹೋದ ಒಂದು ಅಲಗೂ ಸರಿಯಿಲ್ಲವೆಂದು ವಾಪಸು ಬಂದದ್ದಿಲ್ಲ. ಇದನ್ನು ಅವನು ದಿನಕ್ಕೊಮ್ಮೆಯಾದರೂ ಯಾರಿಗಾದರೂ ಹೇಳುತ್ತಿದ್ದ. ಕೇಳಿ ಕೇಳಿ ಕಿವಿ ತೂತಾದವರು ಅವನಿಗೆ ಸಾಣೆಯಣ್ಣ ಎಂದು ಹೆಸರಿಟ್ಟು ಕೈತೊಳೆದುಕೊಂಡಿದ್ದರು.

ಅದೇ ಕಾರ್ಖಾನೆಯ ಬಣ್ಣದ ಕೋಣೆಯಲ್ಲಿ ಅವನ ಹೆಂಡತಿಯ ತಮ್ಮನಿದ್ದ. ಮಾತು ಕಡಿಮೆ, ಗಡ್ಡ ಜಾಸ್ತಿ. ಅಳತೆಪಟ್ಟಿ, ದಾರ, ಅಂಟುಕಾಗದ ಯಾವುದೂ ಇಲ್ಲದೆ, ಬಣ್ಣ ಚಿಮ್ಮಿಸುವ ಗನ್ ಹಿಡಿದು ಬಸ್ಸಿನ ಮೂತಿಯಿಂದ ಬಾಲದವರೆಗೆ ನಡೆಯುತ್ತ ಹೋದರೆ, ಅವನ ಹಿಂದೆ ಒಂದು ಪಟ್ಟೆ ನೆಟ್ಟಗೆ ಮೂಡುತ್ತ ಬರುತ್ತಿತ್ತು. ಬೇರೆ ಊರುಗಳ ಬಸ್ ಮಾಲೀಕರು ಬಂದು, ಆ ಗಡ್ಡದವರೇ ಪಟ್ಟೆ ಎಳೆಯಬೇಕೆಂದು ಹಟ ಹಿಡಿದದ್ದುಂಟು. ಹತ್ತೊಂಬತ್ತರ ವಯಸ್ಸಿನಲ್ಲಿ ಒಮ್ಮೆ ಈ ಭಾಮೈದ ಗಡ್ಡ ತೆಗೆಸಿದ್ದ. ಮೂರೇ ದಿನಕ್ಕೆ ಕೆನ್ನೆ, ಕತ್ತು ಎಲ್ಲ ಕೆಂಪು ಬೊಕ್ಕೆಯೆದ್ದು ಕೀವು ತುಂಬಿ, ಎರಡು ವಾರ ಅವನು ಮನೆಯಿಂದ ಹೊರಗೆ ಕಾಲಿಡಲಿಲ್ಲ. ಅಂದಿನಿಂದ ಹದಿನೈದು ವರ್ಷ ಕತ್ತರಿಯೊಂದನ್ನು ಬಿಟ್ಟರೆ ಬೇರೆ ಯಾವ ಕಬ್ಬಿಣಕ್ಕೂ ಆ ಮುಖವನ್ನು ತೋರಿಸಿರಲಿಲ್ಲ.

ಕಾರ್ಖಾನೆಗೆ ಹೊಸದಾಗಿ ಬಂದ ಸುರಕ್ಷತೆ ಮೇಡಂ ಇದಕ್ಕೆಲ್ಲ ಕೊನೆ ಹಾಡಿದರು. ಬಣ್ಣದ ಮಂಜು ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶ ಹಾಳು, ಬಟ್ಟೆ ಕಟ್ಟಿಕೊಂಡರೆ ಏನೂ ಪ್ರಯೋಜನವಿಲ್ಲ, ಇನ್ನು ಮುಂದೆ ಎಲ್ಲರೂ ರಬ್ಬರ್ ಅಂಚಿನ ಮುಖವಾಡ ಹಾಕಲೇಬೇಕು ಎಂದರು. ಗಡ್ಡವಿದ್ದರೆ ರಬ್ಬರು ಚರ್ಮಕ್ಕೆ ಕೂರುವುದಿಲ್ಲ, ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಇಪ್ಪತ್ತೊಂದು ದಿನ ಬಿಟ್ಟು ಒಬ್ಬೊಬ್ಬರಿಗೂ ಪರೀಕ್ಷೆ. ಆಮೇಲೂ ಅವರು ಯಾವ ದಿನ ಬೇಕಾದರೂ ಬಂದು ಮುಖ ನೋಡುವವರೇ. ಪಾಸಾಗದವರು ಸೀಟು ಹೊಲಿಯುವ ವಿಭಾಗಕ್ಕೆ. ಗೋಡೆಗೆ ಅಂಟಿಸಿದ ಹಾಳೆಯಲ್ಲಿ, ಬಣ್ಣದ ಕೋಣೆಯವರು ಪ್ರತಿದಿನ ಮುಖವನ್ನು ನುಣ್ಣಗೆ ಬೋಳಿಸಿಕೊಂಡು ಬರತಕ್ಕದ್ದು ಎಂದು ಬರೆದಿತ್ತು. ಮೇಡಂ ಕೆಟ್ಟವರೇನಲ್ಲ. ಬಣ್ಣದವರಲ್ಲಿ ಇಬ್ಬರು ಕೆಮ್ಮುತ್ತಿದ್ದುದನ್ನು ಬಂದ ವಾರದಲ್ಲೇ ಗಮನಿಸಿದವರು ಅವರೊಬ್ಬರೇ.

ಭಾನುವಾರ ಬೆಳಿಗ್ಗೆ ಭಾಮೈದ ಅಕ್ಕನ ಮನೆಗೆ ಬಂದು, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಇಷ್ಟನ್ನೂ ಹೇಳಿದ. ಗಡ್ಡ ತೆಗೆದರೆ ಮುಖ ಹುಣ್ಣಾಗುತ್ತದೆ, ಹುಣ್ಣಾದ ಮುಖಕ್ಕೆ ಮುಖವಾಡ ಕೂರುವುದಿಲ್ಲ. ತೆಗೆಯದಿದ್ದರಂತೂ ಮುಗಿದೇ ಹೋಯಿತು. ಅಕ್ಕ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು. ಸೀಟು ಹೊಲಿಯುವುದೂ ಕೆಲಸವೇ ಅಲ್ಲವೇ ಎಂದು ಸಮಾಧಾನಕ್ಕೆ ಏನೋ ಹೇಳಹೊರಟಳು.

"ಅಕ್ಕ, ನಂಗೆ ಬೇರೆ ಕೆಲಸ ಬರಲ್ಲ," ಎಂದ ತಮ್ಮ. "ಬೇರೆ ಕೆಲಸ ಬೇಕಾಗೂ ಇಲ್ಲ."

ಆ ಮನೆಯಲ್ಲಿ ಅವನು ಅಷ್ಟು ನೇರವಾಗಿ ಒಂದು ಮಾತನ್ನು ಹೇಳಿ ವರ್ಷಗಳಾಗಿದ್ದವು. ಅಕ್ಕನ ಕಣ್ಣು ತುಂಬಿತು. ಸಾಣೆಯಣ್ಣನೂ ಅಂಥ ಹೊತ್ತಿನಲ್ಲಿ ಮುಖ ಚಿಕ್ಕದು ಮಾಡಿಕೊಳ್ಳಬೇಕಾಗಿತ್ತು. ಮಾಡಿಕೊಳ್ಳಲು ಪ್ರಯತ್ನವನ್ನೂ ಪಟ್ಟ. ಆದರೆ ಏನು ಮಾಡುವುದು, ಒಳಗಿನಿಂದ ಖುಷಿ ಉಕ್ಕಿ ಬರುತ್ತಿತ್ತು. ಇಷ್ಟು ವರ್ಷ ಮನೆಮಂದಿಯೆಲ್ಲ ಆಡಿಕೊಂಡು ನಕ್ಕ ತನ್ನ ಹುಚ್ಚಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತ್ತು! ಅವನು ಎದ್ದು, ಭಾಮೈದನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿ, ಗಡ್ಡದೊಳಗೆ ಬೆರಳಿಟ್ಟು ನೋಡತೊಡಗಿದ.

"ಇಪ್ಪತ್ತೊಂದು ದಿನ ಅಂದ್ಯಲ್ಲ?" ಎಂದ. "ಬೇಕಾದಷ್ಟಾಯ್ತು. ನಿನ್ನ ಮುಖ ನಂಗೆ ಬಿಟ್ಟುಬಿಡು."

ಹೆಂಡತಿ ಮೂಗು ಮುರಿದಳು. ಗಂಡನ ಕಣ್ಣಿನ ಹೊಳಪು ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಅರ್ಧ ಗಂಟೆಯೊಳಗೆ ಬಚ್ಚಲುಮನೆ ಪ್ರಯೋಗಶಾಲೆಯಾಯಿತು. ಭಾಮೈದನನ್ನು ಮುಕ್ಕಾಲಿಯ ಮೇಲೆ ಕೂರಿಸಿ, ಮೊದಲು ಕತ್ತರಿಯಿಂದ ಗಡ್ಡವನ್ನು ಗಿಡ್ಡ ಮಾಡಿ, ಮೂಗಿನ ಕೆಳಗಿನಿಂದ ಗಲ್ಲದವರೆಗೆ ಸೀಮೆಸುಣ್ಣದಿಂದ ಒಂದು ಗಡಿ ಎಳೆದ. ಎಡಗಡೆ ಒಂದು ಪದ್ಧತಿ, ಬಲಗಡೆ ಇನ್ನೊಂದು. ಯಾವುದು ಗೆದ್ದಿತೋ ಅದಕ್ಕೆ ಇಡೀ ಮುಖ. ಎಡಗೆನ್ನೆಗೆ ಹಂದಿಕೂದಲಿನ ಗಡಸು ಬ್ರಷ್ಷಿನಲ್ಲಿ, ಜೇಡಿಮಣ್ಣು ಬೆರೆಸಿದ ಸೋಪಿನ ನೊರೆ. ಅದರ ಮೇಲೆ ಓರೆತಲೆಯ ರೇಜರು, ಬ್ಲೇಡು ನೆಟ್ಟಗೆ ಕೂರದೆ ತಿರುಚಿಕೊಂಡು ಕೂರುವಂಥದ್ದು, ಅಂಚೆಯಲ್ಲಿ ಎಲ್ಲಿಂದಲೋ ತರಿಸಿದ್ದು. ಬಲಗೆನ್ನೆಗೆ ಕುದುರೆಬಾಲದ ಮೆತ್ತನೆಯ ಬ್ರಷ್ಷು, ಅದನ್ನು ಅವನೇ ಕಟ್ಟಿದ್ದ. ಮೊದಲು ಬೇಯಿಸಿದ ಅಗಸೆ ಬೀಜದ ಲೋಳೆ, ಅದರ ಮೇಲೆ ನೊರೆ, ಆಮೇಲೆ ಮಡಚುಕತ್ತಿ. ಲೋಳೆ ಕತ್ತಿನಿಂದ ಜಾರಿ ಅಂಗಿಯೊಳಗೆ ಇಳಿದಾಗ ಭಾಮೈದ ಒಮ್ಮೆ ಕಿರುಚಿದ. ಸಾಣೆಯಣ್ಣನಿಗೆ ಅದು ಕೇಳಿಸಲಿಲ್ಲ. ಬ್ರಷ್ಷು ತಿರುಗಿದ ಹಾಗೆಲ್ಲ ಲೋಳೆ ಮತ್ತು ನೊರೆ ಸೇರಿ ಮೊಸರಿನಂತೆ ಗಟ್ಟಿಯಾಗಿ ಹೊಳೆಯುತ್ತಿದ್ದುದನ್ನು ನೋಡುತ್ತ ಅವನು ಇಹಲೋಕ ಮರೆತಿದ್ದ.

ಗಡ್ಡ ಹೋದ ಮುಖವನ್ನು ಅಕ್ಕ ಬಾಗಿಲಿಗೆ ಬಂದು ನೋಡಿದಳು. ಹತ್ತೊಂಬತ್ತು ವರ್ಷದ ಹುಡುಗನನ್ನು ಮತ್ತೆ ಕಂಡಂತಾಯಿತು ಎಂದಳು, ಆಮೇಲೆ ಸ್ವಲ್ಪ ದಪ್ಪ ಆಗಿದ್ದೀಯ ಎಂದಳು.

ಮರುದಿನ ಕಾರ್ಖಾನೆಯಲ್ಲಿ ಸುದ್ದಿ ಹಬ್ಬಲು ಹೊತ್ತೇ ಬೇಕಾಗಲಿಲ್ಲ. ಯಾವ ಕಡೆಗೆ ಏನು ಬಳಿದರೆಂದು ಕೇಳಿದವರಿಗೆಲ್ಲ ಸಾಣೆಯಣ್ಣನೇ ಉತ್ಸಾಹದಿಂದ ವಿವರಿಸಿದ್ದ. ಊಟದ ಹೊತ್ತಿಗೆ, ಎಡಗೆನ್ನೆಗೆ ಹಂದಿ, ಬಲಗೆನ್ನೆಗೆ ಕುದುರೆ ಎಂಬ ಮಾತು ಬೆಸುಗೆಯವರಿಂದ ಗಾಜು ಕೂರಿಸುವವರವರೆಗೆ ಎಲ್ಲರ ಬಾಯಲ್ಲೂ ಓಡಾಡುತ್ತಿತ್ತು. ಹಂದಿ ಗೆಲ್ಲುತ್ತದೋ ಕುದುರೆ ಗೆಲ್ಲುತ್ತದೋ ಎಂದು ಜನ ಎರಡು ಪಕ್ಷವಾದರು. ಭಾಮೈದ ಯಾರ ಮಾತಿಗೂ ಸೊಪ್ಪು ಹಾಕದೆ ಪಟ್ಟೆ ಎಳೆಯುತ್ತಿದ್ದ.

ಮೂರನೆಯ ದಿನ ಹಂದಿಯೂ ಸೋತಿತು, ಕುದುರೆಯೂ ಸೋತಿತು. ಎರಡು ಕೆನ್ನೆಯಲ್ಲೂ ಕೆಂಪು ಚುಕ್ಕೆ. ಸಾಣೆಯಣ್ಣ ಸಾಣೆಕೋಣೆಯ ಭೂತಗನ್ನಡಿಯನ್ನೇ ತಂದು ಒಂದೊಂದು ಚುಕ್ಕೆಯನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ನೋಡಿ ಅವನಿಗೆ ಎಲ್ಲಿಲ್ಲದ ಹುಮ್ಮಸ್ಸು ಬಂತು. ಭಾಮೈದನ ಕೂದಲು ಗುಂಗುರು. ಕತ್ತರಿಸಿದ ತುದಿ ನೆಟ್ಟಗೆ ಹೊರಗೆ ಬರುವ ಬದಲು ಕೊಕ್ಕೆಯ ಹಾಗೆ ಬಾಗಿ ವಾಪಸು ಚರ್ಮದೊಳಕ್ಕೇ ಚುಚ್ಚಿಕೊಂಡಿತ್ತು. ಕಾಯಿಲೆ ಕಣ್ಣಿಗೆ ಬಿದ್ದ ಮೇಲೆ ಮದ್ದು ಕಷ್ಟವೇ? ತುದಿ ಚುಚ್ಚುತ್ತಿದೆಯೆಂದರೆ ತುದಿಯೇ ಇರಬಾರದು. ಇನ್ನೂ ಹರಿತ ಬೇಕು, ಇನ್ನೂ ಬುಡಕ್ಕೆ ಹೋಗಬೇಕು. ಸಾಣೆ ಹಿಡಿಯುವವನ ತಲೆಗೆ ಇನ್ನೇನು ತಾನೇ ಹೊಳೆದೀತು.

ನಾಲ್ಕು ದಿನ ಅವನು ಆ ಮಡಚುಕತ್ತಿಯ ಬೆನ್ನು ಹತ್ತಿದ. ಮೊದಲು ಒರಟು ಕಲ್ಲು, ಆಮೇಲೆ ನಯದ ಕಲ್ಲು, ಆಮೇಲೆ ಲೋಹಕ್ಕೆ ಹೊಳಪು ಕೊಡುವ ಹಸಿರು ಮೇಣ ಸವರಿದ ಚರ್ಮದ ಪಟ್ಟಿ, ಕೊನೆಗೆ ಬರೀ ಅಂಗೈ. ತಲೆಗೂದಲೊಂದನ್ನು ಮೇಲಿನಿಂದ ಬಿಟ್ಟರೆ ಅಲಗಿಗೆ ತಾಗಿದ್ದೇ ಎರಡು ತುಂಡು. ಅವನ ಬಾಳಿನಲ್ಲೇ ಅಂಥ ಅಲಗನ್ನು ಅವನು ಮಾಡಿರಲಿಲ್ಲ. ಚುಕ್ಕೆಗಳು ಸ್ವಲ್ಪ ಇಳಿದ ಕೂಡಲೇ ಭಾಮೈದನನ್ನು ಮತ್ತೆ ಮುಕ್ಕಾಲಿಯ ಮೇಲೆ ಕೂರಿಸಿ, ಚರ್ಮವನ್ನು ಎಳೆದು ಹಿಡಿದು, ಒಮ್ಮೆ ಮೇಲಿನಿಂದ ಕೆಳಕ್ಕೆ, ಒಮ್ಮೆ ಅಡ್ಡಡ್ಡ, ಒಮ್ಮೆ ಕೆಳಗಿನಿಂದ ಮೇಲಕ್ಕೆ, ಮೂರು ಸುತ್ತು ಹೊಡೆದ. ನೊಣ ಕೂತರೆ ಜಾರಬೇಕು, ಅಂಥ ನುಣುಪು. ಗೋಡೆಯ ಹಾಳೆಯಲ್ಲಿ ಬರೆದಿದ್ದ ನುಣ್ಣಗೆ ಎಂಬ ಮಾತು ಇದಕ್ಕಾಗಿಯೇ ಹುಟ್ಟಿದ್ದು ಎಂದು ಎದೆಯುಬ್ಬಿಸಿ ಹೇಳಿದ. ಎರಡು ದಿನ ಅವನ ಕಾಲು ನೆಲಕ್ಕೆ ತಾಗಲಿಲ್ಲ.

ಮೂರನೆಯ ದಿನ ಭಾಮೈದ ಬಾಗಿಲು ತಟ್ಟಿದಾಗ ತೆರೆದವಳು ಅಕ್ಕ. ಅವಳು ತಮ್ಮನ ಮುಖ ನೋಡಿ, ಬದಿಗೆ ಸರಿದು, ಗಂಡನ ಕಡೆ ತಿರುಗಿದಳು. ಕತ್ತು ಊದಿಕೊಂಡಿತ್ತು. ದವಡೆಯ ಕೆಳಗೆ ಕೀವು ತುಂಬಿದ ಬೊಕ್ಕೆಗಳು ಸಾಲುಗಟ್ಟಿದ್ದವು. ನಗಲು ಹೋದರೆ ನೋವು, ನುಂಗಲು ಹೋದರೆ ನೋವು.

"ಬಿಡಿ ಭಾವ," ಎಂದ ಭಾಮೈದ. "ನಾಳೆ ಹೋಗಿ ಸೀಟಿನವರ ಹತ್ರ ಮಾತಾಡ್ತೀನಿ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ತಾನು ಇಷ್ಟು ದಿನ ಭಾಮೈದನ ಕೆಲಸ ಉಳಿಸುತ್ತಿದ್ದೆನೋ, ಅಥವಾ ಅವನ ಮುಖವನ್ನು ಸಾಣೆಕಲ್ಲು ಮಾಡಿಕೊಂಡು ತನ್ನ ಕೈಚಳಕಕ್ಕೆ ತಾನೇ ಚಪ್ಪಾಳೆ ತಟ್ಟಿಕೊಳ್ಳುತ್ತಿದ್ದೆನೋ ಎಂದು ಸಾಣೆಯಣ್ಣನಿಗೆ ನಾಚಿಕೆಯಾಯಿತು. ಇನ್ನು ಹನ್ನೊಂದು ದಿನ ಉಳಿದಿತ್ತು. ಐದು ದಿನವಾದರೂ ಆ ಮುಖಕ್ಕೆ ಏನನ್ನೂ ಮುಟ್ಟಿಸುವ ಹಾಗಿರಲಿಲ್ಲ. ಪರೀಕ್ಷೆಯ ದಿನದವರೆಗೆ ಸೀಟಿನವರ ಹತ್ತಿರ ಹೋಗಬೇಡ ಎಂದು ಕೈಹಿಡಿದು ಬೇಡಿಕೊಂಡ. ಭಾಮೈದ ಕತ್ತು ಹಿಡಿದುಕೊಂಡು ಮನೆಗೆ ಹೊರಟ.

ಆ ಐದು ದಿನ ಪ್ರಯೋಗಕ್ಕೆ ಸಿಕ್ಕಿದ್ದು ಅವನ ಸ್ವಂತ ಮುಖ. ಬೆಳಿಗ್ಗೆ ಮಂಜುಗಡ್ಡೆಯ ನೀರಿನಲ್ಲಿ, ಸಂಜೆ ಕುದಿಯುವಂಥ ನೀರಿನಲ್ಲಿ. ಒಮ್ಮೆ ಸೋಪಿಲ್ಲದೆ ಬರೀ ಎಣ್ಣೆಯಲ್ಲಿ, ಒಮ್ಮೆ ಎಣ್ಣೆಯಿಲ್ಲದೆ ಬರೀ ಲೋಳೆಯಲ್ಲಿ. ಮುಖದ ಬೆಳೆಯೆಲ್ಲ ಮುಗಿದ ಮೇಲೆ ಬಲ ಮುಂಗೈಯನ್ನೂ ಬೋಳಿಸಿದ. ಅದೂ ಮುಗಿದಾಗ ಕಣ್ಣಿಗೆ ಬಿದ್ದದ್ದು ಹೆಂಡತಿ ಕೆಲಸದಿಂದ ತಂದಿಟ್ಟಿದ್ದ ಕಂಬಳಿಯ ತುಂಡು.

ಹೆಂಡತಿ ಕಂಬಳಿ ಗಿರಣಿಯಲ್ಲಿದ್ದಳು. ನೇಯ್ದು ಬಂದ ಕಂಬಳಿಯ ಮೇಲೆ ಮುಳ್ಳಿನ ಉರುಳೆ ಹಾಯಿಸಿ ಜುಂಗು ಎಬ್ಬಿಸುತ್ತಾರೆ, ಎದ್ದ ಜುಂಗನ್ನು ಯಂತ್ರದ ಅಲಗಿನಡಿ ಹಾಯಿಸಿ ಒಂದೇ ಎತ್ತರಕ್ಕೆ ಕತ್ತರಿಸುತ್ತಾರೆ. ಆ ಯಂತ್ರ ಅವಳದ್ದು. ತಂದಿಟ್ಟಿದ್ದು ಮಾದರಿಯ ತುಂಡು, ಮರುದಿನ ಮೇಲಿನವರಿಗೆ ತೋರಿಸಬೇಕಾದದ್ದು. ಸಂಜೆ ಅವಳು ಅಂಗಡಿಯಿಂದ ಬರುವಷ್ಟರಲ್ಲಿ ಗಂಡ ಅದನ್ನು ಬಚ್ಚಲಿನ ಹಲಗೆಗೆ ಮೊಳೆ ಹೊಡೆದು ಕೂರಿಸಿ, ನೊರೆ ಹಚ್ಚಿ, ಅರ್ಧ ಬೋಳಿಸಿ ಕೂತಿದ್ದ. ಜುಂಗಿನ ಸುಳಿವಿಲ್ಲ, ನೂಲು ಕಾಣುತ್ತಿತ್ತು.

ಅವಳಿಗೆ ಸಿಟ್ಟು ನೆತ್ತಿಗೇರಿತು. ಇಪ್ಪತ್ತು ವರ್ಷದಲ್ಲಿ ಬಾಯಿಗೆ ಬಾರದೇ ಉಳಿದಿದ್ದ ಮಾತುಗಳೆಲ್ಲ ಅಂದು ಸರತಿಯಲ್ಲಿ ಬಂದವು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಕೊನೆಗೆ, ಎಷ್ಟು ನುಣುಪಾಗಿದೆ ನೋಡಾದರೂ ನೋಡು ಎಂದು ಮೆಲ್ಲಗೆ ಅಂದ. ಅದು ಬೆಂಕಿಗೆ ಎಣ್ಣೆ ಸುರಿದಂತಾಯಿತು.

"ನುಣುಪಂತೆ ನುಣುಪು," ಎಂದಳು. "ಬುಡದ ತನಕ ಕತ್ತರಿಸಿದ್ರೆ ತುಂಡಾದ ಎಳೆ ನೂಲೊಳಗೆ ಸೇರ್ಕೊಳ್ಳುತ್ತೆ ಕಣ್ರೀ. ಇವತ್ತು ನುಣುಪು. ನಾಲ್ಕು ದಿನ ಬಿಟ್ಟು ನೋಡಿ, ಮೈತುಂಬ ಗಂಟು ಗಂಟಾಗಿ ಎದ್ದಿರುತ್ತೆ. ಅಲಗು ಬಟ್ಟೆಗೆ ತಾಗಲೇಬಾರದು, ಅದು ನಮ್ಮಲ್ಲಿ ಮೊದಲನೇ ದಿನ ಹೇಳ್ಕೊಡೋ ಪಾಠ."

ಹೇಳಿ ಮುಗಿಸುವಷ್ಟರಲ್ಲಿ ಅವಳೇ ತನ್ನ ಮಾತನ್ನು ಕೇಳಿಸಿಕೊಂಡಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಗಂಟು ಗಂಟು! ಸಾಣೆಯಣ್ಣ ಕೂತಲ್ಲಿಂದ ಚಂಗನೆ ಎದ್ದ. ನೊರೆಗೈಯಲ್ಲೇ ಹೆಂಡತಿಯ ಎರಡು ಕೈಯನ್ನೂ ಹಿಡಿದುಕೊಂಡು, ಇನ್ನೊಂದು ಸಲ ಹೇಳು, ಇನ್ನೊಂದು ಸಲ ಹೇಳು ಎಂದ. ತಪ್ಪಿದ್ದದ್ದು ಹರಿತ ಸಾಲದ್ದರಲ್ಲಲ್ಲ, ಅಲಗು ತೀರಾ ಬುಡಕ್ಕೆ ಹೋದದ್ದರಲ್ಲಿ. ಅವನು ಚರ್ಮವನ್ನು ಎಳೆದು ಹಿಡಿದು ಬುಡಕ್ಕಿಂತ ಕೆಳಗೆ ಕತ್ತರಿಸಿದ್ದ. ಚರ್ಮ ಬಿಟ್ಟ ಕೂಡಲೇ ಕೂದಲು ಒಳಗೆ ಸೇರಿಕೊಂಡು, ಹೊರಬರುವ ದಾರಿ ಕಾಣದೆ ಅಲ್ಲೇ ಬಾಗಿತ್ತು. ಮೂವತ್ತು ವರ್ಷ ಹರಿತ ಹರಿತ ಎಂದು ಜಪ ಮಾಡಿದವನಿಗೆ ಇದು ಹೊಳೆಯುವುದಾದರೂ ಹೇಗೆ? ಹೆಂಡತಿ ಹಾಳಾದ ಕಂಬಳಿಯನ್ನು ಮರೆತಳು. ಅಂದರೆ ಪೂರ್ತಿ ಮರೆಯಲಿಲ್ಲ, ಪರೀಕ್ಷೆ ಮುಗಿದ ಮೇಲೆ ವಿಚಾರಿಸಿಕೊಳ್ಳುತ್ತೇನೆ ಎಂದು ಮುಂದಕ್ಕೆ ಹಾಕಿದಳು.

ಮರುದಿನ ಸಾಣೆಕೋಣೆಯಲ್ಲಿ ಅವನು ಒಂದು ಹೊಸ ರೇಜರನ್ನು ಹುಟ್ಟಿಸಿದ. ಏಳರಲ್ಲಿ ಎಲ್ಲಕ್ಕಿಂತ ಸಾಧುವಾದದ್ದನ್ನು ಆರಿಸಿ, ಬ್ಲೇಡಿನ ಕೆಳಗೆ ಚರ್ಮವನ್ನು ಒತ್ತಿ ಹಿಡಿಯುವ ಅಂಚಿಗೆ ತಾಮ್ರದ ತೆಳು ತಗಡನ್ನು ಮಡಚಿ ಹೊದಿಸಿದ. ತಗಡು ದಪ್ಪವಾದರೆ ಕೂದಲು ಉಳಿಯುತ್ತದೆ, ತೆಳುವಾದರೆ ಅಲಗು ತಾಗುತ್ತದೆ. ಉಜ್ಜಿ ನೋಡಿದ, ತೆಗೆದ, ಇನ್ನೊಂದನ್ನು ಮಡಚಿದ, ಅದನ್ನೂ ತೆಗೆದ. ಎಂಟನೆಯ ತಗಡು ಕೂತಿತು. ಬ್ಲೇಡು ಮಾತ್ರ ಹೊಸದು, ಹರಿತವಾದದ್ದು. ಅದರಲ್ಲಿ ಅವನು ರಾಜಿ ಮಾಡಿಕೊಳ್ಳಲಿಲ್ಲ. ಹರಿತ ಇರಲಿ, ಆದರೆ ಕೂದಲೆಳೆಯಷ್ಟು ದೂರ ಇರಲಿ.

ಮುಖವನ್ನು ಓದುವ ಕೆಲಸ ಹೆಂಡತಿಯದ್ದಾಯಿತು. ಗಿರಣಿಯಲ್ಲಿ ಜುಂಗು ಯಾವ ಕಡೆ ಮಲಗಿದೆಯೆಂದು ಅವಳು ಬೆರಳಿನಿಂದಲೇ ಹೇಳಬಲ್ಲಳು. ತಮ್ಮನನ್ನು ಕೂರಿಸಿ, ಕಣ್ಣುಮುಚ್ಚಿ, ವಾರದ ಕುರುಚಲಿನ ಮೇಲೆ ಬೆರಳಾಡಿಸುತ್ತ ಹೋದಳು. ಕೆನ್ನೆಯಲ್ಲಿ ಕೆಳಮುಖ. ಗಲ್ಲದ ಬಳಿ ಒಳಮುಖ. ಕತ್ತಿನ ಎಡಗಡೆ ಮಾತ್ರ ಎಲ್ಲವೂ ಮೇಲ್ಮುಖವಾಗಿ, ಕಿವಿಯ ಕೆಳಗೆ ಒಂದು ಸುಳಿ. ಅವಳು ಹೇಳಿದಂತೆ ಸಾಣೆಯಣ್ಣ ಸೀಮೆಸುಣ್ಣದಿಂದ ಬಾಣ ಹಾಕುತ್ತ ಬಂದ. ಕತ್ತನ್ನು ಇಷ್ಟು ದಿನ ತಾನು ತಲೆಕೆಳಗಾಗಿ ಹೆರೆದಿದ್ದೆನೆಂದು ಅವನಿಗೆ ಆಗ ಗೊತ್ತಾಯಿತು. ಬಾಣ ತುಂಬಿದ ಮುಖವನ್ನು ಕನ್ನಡಿಯಲ್ಲಿ ಕಂಡು ಭಾಮೈದ ಅಷ್ಟು ದಿನದಲ್ಲಿ ಮೊದಲ ಸಲ ನಕ್ಕ. ನಕ್ಕರೆ ನೋವಾಗುತ್ತಿಲ್ಲ ಎಂದು ತಾನೇ ಆಶ್ಚರ್ಯಪಟ್ಟ.

ಹದಿನೈದನೆಯ ದಿನ ಅಗಸೆ ಲೋಳೆ, ಕುದುರೆಬಾಲದ ಬ್ರಷ್ಷು, ತಾಮ್ರ ಹೊದ್ದ ರೇಜರು, ಬಾಣ ಹೋದ ಕಡೆಗೆ ಒಂದೇ ಸುತ್ತು. ಚರ್ಮ ಎಳೆಯುವಂತಿಲ್ಲ, ಎರಡನೆಯ ಸಲ ಮುಟ್ಟುವಂತಿಲ್ಲ. ಒಂದು ಸುತ್ತು ಮುಗಿಸಿ ಕೈ ಕಟ್ಟಿ ನಿಲ್ಲುವಾಗ ಸಾಣೆಯಣ್ಣನ ಬೆರಳುಗಳು ಕಡಿಯುತ್ತಿದ್ದವು. ಇನ್ನೊಂದೇ ಎಳೆತ ಎಳೆದರೆ ಎಷ್ಟು ಚಂದವಾಗುತ್ತದೆ ಎಂದು ಮನಸ್ಸು ಕುಣಿಯುತ್ತಿತ್ತು. ಹೆಂಡತಿ ಪಕ್ಕದಲ್ಲಿ ನಿಂತು ರೇಜರನ್ನು ಕೈಯಿಂದ ಕಸಿದುಕೊಂಡಳು. ಆಮೇಲೆ ದಿನಾ ಬೆಳಿಗ್ಗೆ ಇದೇ. ಮೂರು ದಿನ ಕಳೆಯಿತು, ಚುಕ್ಕೆಯಿಲ್ಲ. ನಾಲ್ಕು ಕಳೆಯಿತು. ಐದನೆಯ ದಿನ ಮೂವರೂ ಭೂತಗನ್ನಡಿಗಾಗಿ ಕಿತ್ತಾಡಿದರು. ಹಳೆಯ ಗುರುತುಗಳು ಮಾಸುತ್ತಿದ್ದವು, ಹೊಸದು ಒಂದೂ ಇರಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಬಣ್ಣದ ಕೋಣೆಯ ಹೊರಗೆ ಅರ್ಧ ಕಾರ್ಖಾನೆ ನೆರೆದಿತ್ತು. ಮೇಡಂ ಮೇಜಿನ ಮೇಲೆ ಪಾರದರ್ಶಕ ಮುಸುಕು ಮತ್ತು ಚಿಮ್ಮುವ ಸೀಸೆ ಇಟ್ಟುಕೊಂಡಿದ್ದರು. ಸೀಸೆಯಲ್ಲಿದ್ದದ್ದು ಕಹಿ ನೀರು. ಮುಖವಾಡ ಹಾಕಿಸಿ, ಮೇಲೆ ಮುಸುಕು ಹೊದಿಸಿ, ಮುಸುಕಿನ ತೂತಿನಿಂದ ಕಹಿ ಮಂಜನ್ನು ಒಳಗೆ ಬಿಡುತ್ತಾರೆ. ಬಾಯಿಗೆ ಕಹಿ ತಾಗಿದರೆ ಮುಖವಾಡ ಸೋರುತ್ತಿದೆ ಎಂದರ್ಥ. ಉಳಿದ ಮೂವರು ಪಾಸಾದರು. ಭಾಮೈದನ ಸರದಿ ಬಂದಾಗ ಮೇಡಂ ಮೊದಲು ಬೆರಳಿನ ಬೆನ್ನಿನಿಂದ ಅವನ ಕೆನ್ನೆ ಸವರಿ ನೋಡಿದರು. ಮೇಲಿನಿಂದ ಕೆಳಗೆ ಸರಿಯಾಗಿತ್ತು. ಕೆಳಗಿನಿಂದ ಮೇಲಕ್ಕೆ ಸವರಿದಾಗ ಅವರ ಬೆರಳು ನಿಂತಿತು. ಮರಳುಕಾಗದದಂತೆ ತರಿತರಿ.

ಇದು ನುಣ್ಣಗಾಗಿಲ್ಲವಲ್ಲ ಎಂದರು ಅವರು. ಹಾಳೆಯಲ್ಲಿ ಏನು ಬರೆದಿದೆ ನೋಡಿ ಎಂದರು. ನಂತರ ಭಾಮೈದನ ಮುಖದಲ್ಲಿ ಏನು ಕಂಡರೋ, ದನಿ ತಗ್ಗಿಸಿ, ಒಳಗೆ ನೀರಿದೆ, ಐದು ನಿಮಿಷ ಕೊಡುತ್ತೇನೆ, ಇನ್ನೊಮ್ಮೆ ಹೆರೆದುಕೊಂಡು ಬನ್ನಿ ಎಂದರು.

ಎಲ್ಲರೂ ಸಾಣೆಯಣ್ಣನ ಕಡೆ ನೋಡಿದರು. ಅವನ ಕಿವಿ ಕೆಂಪಾಯಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನ ಕೆಲಸ ಸರಿಯಿಲ್ಲವೆಂದು ವಾಪಸು ಬಂದಿತ್ತು, ಅದೂ ಅರ್ಧ ಕಾರ್ಖಾನೆಯ ಎದುರು. ಅರ್ಧ ನಿಮಿಷ ಕೊಟ್ಟರೆ ಸಾಕು, ಆ ಕೆನ್ನೆಯನ್ನು ಗಾಜು ಮಾಡಿ ತರಬಲ್ಲ. ಮೇಡಂ ಒಪ್ಪುತ್ತಾರೆ, ಜನ ಭಲೇ ಎನ್ನುತ್ತಾರೆ. ಭಾಮೈದ ಆಗಲೇ ಎದ್ದು ನಿಂತಿದ್ದ. ಇವತ್ತು ಪಾಸಾದರೆ ಸಾಕೆಂದು ಅವನ ಕಾಲು ನೀರಿನ ಕಡೆ ಹೊರಟಿತ್ತು. ಇನ್ನು ಮೂರು ದಿನಕ್ಕೆ ಆ ಕತ್ತು ಏನಾಗುತ್ತದೆಂದು ಅಲ್ಲಿದ್ದವರಲ್ಲಿ ಸಾಣೆಯಣ್ಣನೊಬ್ಬನಿಗೇ ಸರಿಯಾಗಿ ಗೊತ್ತಿತ್ತು. ಅವನು ಭಾಮೈದನ ಹೆಗಲ ಮೇಲೆ ಕೈಯಿಟ್ಟು ಮತ್ತೆ ಕುರ್ಚಿಯಲ್ಲಿ ಕೂರಿಸಿದ.

"ಹೆರೆಯೋದಿಲ್ಲ ಮೇಡಂ," ಎಂದ. "ಅದನ್ನ ಬೇಕಂತಲೇ ಬಿಟ್ಟಿದ್ದು. ನಂಗೆ ನುಣ್ಣಗೆ ಮಾಡೋಕೆ ಬರುತ್ತೆ, ಮಾಡಿ ಇವನ ಮುಖ ಹಾಳು ಮಾಡಿದ್ದೂ ನಾನೇ. ನಿಮ್ಮ ಬೆರಳು ಕೇಳ್ಬೇಡಿ, ರಬ್ಬರ್ ಏನನ್ನುತ್ತೋ ಕೇಳಿ. ಅದು ಸೋರ್ತು ಅಂದ್ರೆ ನಾನೇ ಇವನನ್ನ ಸೀಟಿನವರ ಹತ್ರ ಕರ್ಕೊಂಡು ಹೋಗ್ತೀನಿ."

ಮೇಡಂ ಅವನನ್ನು ಒಂದು ಕ್ಷಣ ನೋಡಿದರು. ಆಮೇಲೆ ಸೀಸೆ ಎತ್ತಿಕೊಂಡರು. ಮುಖವಾಡವಿಲ್ಲದೆ ಒಮ್ಮೆ ಚಿಮ್ಮಿಸಿ ರುಚಿ ಗೊತ್ತಾಗುತ್ತದೋ ಇಲ್ಲವೋ ನೋಡಿದರು. ಭಾಮೈದನ ಮುಖ ಕಿವುಚಿದ್ದನ್ನು ಕಂಡರೆ ಗೊತ್ತಾಗಿರಲೇಬೇಕು. ನೀರು ಕುಡಿಸಿ, ಮುಖವಾಡ ಬಿಗಿಸಿ, ಮುಸುಕು ಹೊದಿಸಿದರು. ಚಿಮ್ಮಿಸಿದರು. ಉಸಿರಾಡಿ ಎಂದರು. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ. ಮತ್ತೆ ಚಿಮ್ಮಿಸಿದರು. ಮೇಲೆ ನೋಡಿ, ಕೆಳಗೆ ನೋಡಿ. ಕತ್ತು ಮೇಲೆತ್ತಿದಾಗ ಕಿವಿಯ ಕೆಳಗಿನ ಸುಳಿಯ ಮೇಲೆ ರಬ್ಬರಿನ ಅಂಚು ಜರುಗಿದಂತೆ ಕಂಡು ಸಾಣೆಯಣ್ಣ ಕುರ್ಚಿಯ ಹತ್ತಿರಕ್ಕೆ ಬಾಗಿದ. ಬೆಸುಗೆಯವನೊಬ್ಬ ಕೆಮ್ಮಲು ಹೋಗಿ ಬಾಯಿ ಮುಚ್ಚಿಕೊಂಡ. ಜೋರಾಗಿ ಏನಾದರೂ ಮಾತಾಡಿ ಎಂದು ಮೇಡಂ ಹೇಳಿದಾಗ, ಮಾತೇ ಆಡದ ಭಾಮೈದ ಏನು ಹೇಳುವುದೆಂದು ತೋಚದೆ ಬಸ್ಸಿನ ಬಣ್ಣಗಳ ಹೆಸರುಗಳನ್ನು ಒಂದೊಂದಾಗಿ ಹೇಳತೊಡಗಿದ. ಹಸಿರು, ಕಡುಹಸಿರು, ಗಿಳಿಹಸಿರು. ಮುಖವಾಡದೊಳಗಿಂದ ಅವು ಬಾವಿಯೊಳಗಿನ ದನಿಯಂತೆ ಬಂದವು. ಕೇಸರಿ, ಕೆಂಪು, ಇಟ್ಟಿಗೆಕೆಂಪು. ಇಪ್ಪತ್ತಮೂರನೆಯ ಬಣ್ಣಕ್ಕೆ ಮೇಡಂ ಕೈಯೆತ್ತಿ, ಕಹಿ ಗೊತ್ತಾಯಿತೇ ಎಂದು ಕೇಳಿದರು.

ಮುಸುಕಿನೊಳಗೆ ತಲೆ ಅಡ್ಡಡ್ಡ ಆಡಿತು. ಇಲ್ಲ.

ಗದ್ದಲ ಎದ್ದಿತು. ಹಂದಿಯ ಪಕ್ಷದವರು ಸೋತರೆಂದು ಕುದುರೆಯ ಪಕ್ಷದವರು ಕೂಗಾಡಿದರು. ಮೇಡಂ ಅದನ್ನೆಲ್ಲ ಗಮನಿಸದೆ ಗೋಡೆಯ ಹಾಳೆಯ ಬಳಿ ಹೋಗಿ, ನುಣ್ಣಗೆ ಎಂಬ ಮಾತನ್ನು ಪೆನ್ನಿನಿಂದ ಹೊಡೆದುಹಾಕಿದರು. ಅದರ ಜಾಗದಲ್ಲಿ ಏನು ಬರೆಯಲಿ ಎಂದು ಸಾಣೆಯಣ್ಣನನ್ನು ಕೇಳಿದರು. ಅವನು ತಲೆ ಕೆರೆದುಕೊಂಡು, ಅವರವರ ಚರ್ಮಕ್ಕೆ ತಕ್ಕ ಹಾಗೆ ಅಂತ ಬರೀರಿ, ಆಮೇಲೆ ಮುಖವಾಡ ಹೇಳಲಿ ಎಂದ. ಅವರು ಹಾಗೆಯೇ ಬರೆದರು.

ಅಷ್ಟರಲ್ಲಿ ಕುರ್ಚಿ ಖಾಲಿಯಾಗಿತ್ತು. ಭಾಮೈದ ಮುಸುಕನ್ನು ಮಾತ್ರ ತೆಗೆದು ಮೇಜಿನ ಮೇಲಿಟ್ಟಿದ್ದ, ಮುಖವಾಡ ತೆಗೆದಿರಲಿಲ್ಲ. ನೇರವಾಗಿ ಬಣ್ಣದ ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡಿದ್ದ. ಒಳಗೆ ಒಂದು ಬಿಳಿ ಬಸ್ಸು ನಿಂತಿತ್ತು. ಸಾಣೆಯಣ್ಣ ಓಡಿ ಬಾಗಿಲಿನ ಗಾಜಿಗೆ ಮೂಗು ಒತ್ತಿ ನಿಂತ. ಭಾಮೈದ ಗನ್ ಎತ್ತಿ, ಬಸ್ಸಿನ ಮೂತಿಯ ಬಳಿ ಒಂದು ಉಸಿರು ನಿಂತು, ನಡೆಯಲು ಶುರುಮಾಡಿದ. ಅವನ ಹಿಂದೆ ಹಸಿರು ಪಟ್ಟೆ ಹಿಗ್ಗದೆ ಕುಗ್ಗದೆ ಕಿಟಕಿಗಳ ಕೆಳಗೆ ಹರಿಯುತ್ತ ಬಂತು. ಸಾಣೆಯಣ್ಣನ ಕಣ್ಣಿನಿಂದ ನೀರು ಇಳಿದು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ. ಪಟ್ಟೆ ಇನ್ನೂ ಬಸ್ಸಿನ ಅರ್ಧಕ್ಕೆ ಬಂದಿತ್ತಷ್ಟೆ, ನೋಡುವುದು ಬಿಟ್ಟು ಬೇರೆ ಯಾವುದಕ್ಕೂ ಅವನಿಗೆ ಪುರುಸೊತ್ತಿರಲಿಲ್ಲ.